ಬಾಗೇವಾಡಿಯಲ್ಲಿ ಸರ್ ಗೆದ್ದ ಸಂಜೆ

ತತ್ವಶಾಸ್ತ್ರ ಜನರಿಗೆ ತಿಳಿಯುವುದಿಲ್ಲ, ಅದಕ್ಕೇ ನಮ್ಮ ಸರ್ ಸೋತರು ಎಂದು ಸಿಂದಗಿಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಾಗೆ ಹೇಳುವವರಲ್ಲಿ ಒಬ್ಬರೂ ಅವರ ಭಾಷಣಗಳಿಗೆ ಬಂದವರಲ್ಲ. ನಾನು ಎಲ್ಲದಕ್ಕೂ ಹೋಗಿದ್ದೆ.

ಅವರ ತತ್ವಶಾಸ್ತ್ರ ವಿಭಾಗಕ್ಕೆ ನನ್ನ ನಂತರ ಯಾರೂ ಸೇರಿರಲಿಲ್ಲ. ಈ ಸಲವೂ ಯಾರೂ ಬಾರದಿದ್ದರೆ ಮುಚ್ಚುತ್ತೇವೆ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದರು. ಊರೂರಿಗೆ ಹೋಗಿ ಮಾತಾಡುತ್ತೇನೆ, ಹೇಗೆಂದು ಹೇಳಿಕೊಡು ಎಂದು ಸರ್ ನನ್ನನ್ನು ಕರೆದರು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳಲ್ಲವೇ ನಾನು.

ಮೊದಲ ಭಾಷಣ ಇಂಡಿಯಲ್ಲಿ. ನಮ್ಮ ಕಡೆ ಪ್ರವಚನ ಕೇಳುವವರು ಮಾತುಮಾತಿಗೆ 'ಹೌದ್ರಿ' ಅನ್ನುತ್ತಾರೆ. ಮುಂದೆ ಕೂತಿದ್ದ ಅಜ್ಜ ಹಾಗೆ ಅಂದದ್ದೇ ತಡ, ಸರ್ ಮಾತು ನಿಲ್ಲಿಸಿದರು.

"ಯಾಕ ಹೌದ್ರಿ?"

ಅಜ್ಜ ಗಾಬರಿಯಾದ. "ನಾ ಏನರ ತಪ್ಪ ಅಂದ್ನೇನ್ರಿ?"

"ತಪ್ಪಲ್ರಿ. ಕಾರಣ ಕೇಳಾಕತ್ತೇನಿ."

ಅರ್ಧ ಸಭೆ ಚಹಾಕ್ಕೆ ಎದ್ದುಹೋಯಿತು.

ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. "ಸರ್, ಪರೀಕ್ಷಾ ತಗೋಬ್ಯಾಡ್ರಿ. ಮಂದಿ ಮನ್ಯಾಗ ಜಗಳಾಡೋ ಸಂಗತಿ ಎತ್ಕೋರಿ."

"ಜಗಳಾ ಹಚ್ಚಿ ಓಡಿ ಬರೂದೇನ್ ತಂಗಿ?"

"ಓಡಬ್ಯಾಡ್ರಿ. ಅಲ್ಲೇ ನಿಂದರ್ರಿ."

ಮುದ್ದೇಬಿಹಾಳದಲ್ಲಿ ಪರವಾಗಿಲ್ಲ ಅನಿಸಿತು. ಬಸವನ ಬಾಗೇವಾಡಿಯಲ್ಲಿ ಅವರು ಎತ್ತಿದ್ದು ಒಂದೇ ಪ್ರಶ್ನೆ: ಸತ್ತವರಿಗೆ ಕೊಟ್ಟ ಮಾತು ನಡೆಸಬೇಕೇ?

"ಕೇಳಾಕ ಅವರೇ ಇಲ್ಲಲ್ರಿ" ಎಂದ ಒಬ್ಬ.

"ಕೊಟ್ಟಾವ ನೀ ಅದೀಯಲ್ಲೋ!" ಹಿಂದಿನಿಂದ ಒಬ್ಬ ಹೆಣ್ಣುಮಗಳು.

ಸಭೆ ಹೊತ್ತಿಕೊಂಡಿತು. ಇಂಥವರಿಗೆ ತಿಳಿಯಲಿಲ್ಲ ಅನ್ನುತ್ತಾರೆಯೇ? ಆ ಊರಿನಲ್ಲೇ ಇರುವ ನನ್ನ ಸೋದರಮಾವ ಎದ್ದು ನಿಂತು ವಾದಿಸಿದ. ಸಾಲದೆ ಸರ್ ಅವರನ್ನು ಊಟಕ್ಕೆ ಮನೆಗೆ ಕರೆದೊಯ್ದ, ಕೈ ತೊಳೆಯುವಾಗಲೂ ವಾದ ಬಿಡಲಿಲ್ಲ. ರೊಟ್ಟಿ ಬಡಿಸುತ್ತಿದ್ದ ಅವನ ಮಗಳು ಆಗಷ್ಟೇ ಪಿಯುಸಿ ಮುಗಿಸಿದ್ದಳು. "ಅಪ್ಪಾ, ನಾ ಇದನ್ನ ಓದ್ತೇನಿ" ಅಂದಳು. ಮಾವ ನಕ್ಕು, ಆಗಲಿ ಎಂಬಂತೆ ತಲೆಯಾಡಿಸಿದ. ಮರಳುವಾಗ ಸರ್ ದಾರಿಯುದ್ದಕ್ಕೂ, ಅವಳಿಗೆ ಪಾಠ ಎಲ್ಲಿಂದ ಶುರುಮಾಡಲಿ ಎಂದು ಕೇಳುತ್ತಲೇ ಇದ್ದರು.

ಪ್ರವೇಶದ ಕೊನೆಯ ದಿನ ಅವರು ವಿಭಾಗದ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೆಟ್ಟಿಲ ಮೇಲೆ ಸಪ್ಪಳವಾದಾಗಲೆಲ್ಲ ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಿದ್ದರು. ಯಾರೂ ಒಳಗೆ ಬರಲಿಲ್ಲ. ಮಾವ ಆಗಲೇ ಮಗಳನ್ನು ವಿಜಯಪುರದಲ್ಲಿ ಬಿ.ಕಾಂ.ಗೆ ಸೇರಿಸಿಬಿಟ್ಟಿದ್ದ.

ವಿಭಾಗ ಮುಚ್ಚಿತು. ಸರ್ ಈಗ ಕಾಲೇಜಿನ ಗ್ರಂಥಾಲಯದಲ್ಲಿ ಕೂರುತ್ತಾರೆ. ನಾನು ಹೋಗಿ ಬೇಕಂತಲೇ ಅಡ್ಡ ವಾದ ಹೂಡಿದರೂ, "ಇರಬಹುದು ತಂಗಿ" ಅಂದು ಪುಸ್ತಕದತ್ತ ತಿರುಗುತ್ತಾರೆ. ಇರಬಹುದು! ಆ ಮಾತು ಅವರ ಬಾಯಲ್ಲಿ ಕೇಳಲಾರೆ.

ಮೊನ್ನೆ ಮಾವ ಫೋನ್ ಮಾಡಿದ. "ನಿಮ್ಮ ಸರ್‌ನ ಇನ್ನೊಮ್ಮಿ ಕರಕೊಂಡ ಬಾರವ್ವಾ. ಅಂಥಾ ಮಾತು ನಾ ಎಲ್ಲೂ ಕೇಳಿಲ್ಲ."

"ಮಾಮಾ, ನಿನಗ ಅಷ್ಟು ಖರೇ ಅನಿಸಿತ್ತಂದ್ರ, ನಿನ್ನ ಮಗಳನ್ನ ಅವರ ಕಡೆ ಯಾಕ ಕಳಸಲಿಲ್ಲ?"