ಕಡತದಕ್ಕನ ದೂರುಪತ್ರ

ಕೇಳಿರಿ, ಬಂಧುಗಳೇ. ಕೈಯಲ್ಲಿರುವ ಕೆಲಸವನ್ನು ಅರೆಗಳಿಗೆ ಬದಿಗಿಟ್ಟು ಇತ್ತ ಕಿವಿಗೊಡಿರಿ. ನಿಮ್ಮ ಹಾಗೆ, ನನ್ನ ಹಾಗೆ, ಬೆಳಿಗ್ಗೆ ಎದ್ದು ಊಟದ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋಗುವ ಒಬ್ಬ ಹೆಣ್ಣುಮಗಳ ಕಥೆಯಿದು. ದೇವಭೀರು, ದುಡಿಮೆಗಾರ್ತಿ, ಕಂಡವರ ಕಷ್ಟಕ್ಕೆ ಕರಗುವವರು. ಅಂಥವರ ಮನಸ್ಸಿನಲ್ಲಿಯೂ ಸಂಶಯವೊಂದು ಹೇಗೆ ಹೊಕ್ಕಿತು, ಉಂಡು ಹೇಗೆ ಕೊಬ್ಬಿತು, ಕೊನೆಗೆ ಇನ್ನೊಬ್ಬ ಮನುಷ್ಯನ ಅನ್ನದ ತಟ್ಟೆಗೆ ಹೇಗೆ ಕೈಹಾಕಿತು ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ.

ಕೃತಕ ಕಾಲುಗಳನ್ನು ಮಾಡಿಕೊಡುವ ಕಾರ್ಯಾಗಾರವದು. ಮುಂದಿನ ಕೋಣೆಯಲ್ಲಿ ಅಳತೆ ತೆಗೆಯುತ್ತಾರೆ. ಹಿಂದಿನ ಕೋಣೆಯಲ್ಲಿ ಪ್ಲಾಸ್ಟರಿನ ಅಚ್ಚು ಹಾಕುತ್ತಾರೆ. ಅದರಾಚೆ ಉಜ್ಜುವ ಯಂತ್ರಗಳು ದಿನವಿಡೀ ಗರಗರ ಎನ್ನುತ್ತವೆ. ನಡುವೆ ಒಂದು ಕಿಟಕಿ, ಎರಡು ಕುರ್ಚಿ, ಒಂದು ಕಂಪ್ಯೂಟರ್ ಇರುವ ದಾಖಲೆ ಕೋಣೆ. ಆ ಕೋಣೆಗೆ ಇಪ್ಪತ್ತು ವರ್ಷದಿಂದ ಒಡತಿಯಾಗಿದ್ದವರನ್ನು ಎಲ್ಲರೂ ‘ಕಡತದಕ್ಕ’ ಎಂದೇ ಕರೆಯುತ್ತಿದ್ದರು. ನಿವೃತ್ತಿಗೆ ಇನ್ನು ಮೂರೇ ವರ್ಷ ಉಳಿದಿತ್ತು.

ಹಿಂದೆ ಕಪಾಟಿನ ತುಂಬ ಇದ್ದ ಕಾಗದಗಳನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದವರು ಅವರೇ. ಒಬ್ಬ ಮನುಷ್ಯನಿಗೆ ಒಂದು ಫೋಲ್ಡರ್. ಅದರೊಳಗೆ ಅಳತೆಯ ಪಟ್ಟಿ, ನಾಲ್ಕು ದಿಕ್ಕಿನಿಂದ ತೆಗೆದ ಫೋಟೋ, ಎಲ್ಲಿ ಒತ್ತಿತು, ಎಲ್ಲಿ ಸಡಿಲಿಸಿದರು ಎಂಬ ಟಿಪ್ಪಣಿ. ಒಂದೇ ಹೆಸರಿನವರು ಹತ್ತಾರು ಜನ ಬರುವುದರಿಂದ ಅಕ್ಕ ಹೆಸರನ್ನು ನಂಬದೆ ಕಸುಬನ್ನು ಬರೆಯುತ್ತಿದ್ದರು: ‘೪೧೨ ಬಡಗಿ ಎಡ’, ‘೪೧೩ ಅಂಚೆಯವರು ಬಲ’. ಯಾರಾದರೂ ಬಾಗಿಲಲ್ಲಿ ನಿಂತು ಕಸುಬು ಹೇಳಿದರೆ ಸಾಕು, ಅವರು ಕುಳಿತುಕೊಳ್ಳುವಷ್ಟರಲ್ಲಿ ಅವರ ಕಾಲು ಪರದೆಯ ಮೇಲೆ ಇರುತ್ತಿತ್ತು. ಫೋಲ್ಡರಿನ ಹೆಸರು ಹಾಕಿ ಹುಡುಕುವ ಸೌಲಭ್ಯ ಯಂತ್ರದಲ್ಲೇ ಇದೆಯೆಂದು ಯಾರೋ ತೋರಿಸಿಕೊಡಲು ಹೋದಾಗ ಅಕ್ಕ ನಕ್ಕು, “ಹುಡುಕೋದು ಕಳ್ಕೊಂಡೋರ ಕೆಲಸ. ನಾನೇನು ಕಳ್ಕೊಂಡಿದ್ದೀನಿ?” ಎಂದಿದ್ದರು.

ಹೀಗಿರುವಾಗ ಪ್ಲಾಸ್ಟರ್ ಕೋಣೆಯಿಂದ ಒಬ್ಬಾತನನ್ನು ದಾಖಲೆ ಕೋಣೆಗೆ ಹಾಕಿದರು. ಐವತ್ತರ ಅಂಚಿನ ಮನುಷ್ಯ. ಧೂಳು ಕುಡಿದೂ ಕುಡಿದೂ ಎದೆ ಕಟ್ಟಿತ್ತು. ಅಲ್ಲಿರಲಾಗದೆ ಇಲ್ಲಿಗೆ ಬಂದದ್ದು. ಕೆಲಸದವರೆಲ್ಲ ಆತನನ್ನು ‘ಪ್ಲಾಸ್ಟರಣ್ಣ’ ಎನ್ನುತ್ತಿದ್ದರು. ಅಕ್ಕ ಮಾತ್ರ ಎರಡನೆಯ ವಾರಕ್ಕೇ ಬೇರೆ ಹೆಸರಿಟ್ಟರು: ‘ಗುಮ್ಮನಗುಸುಕ’. ಕೇಳಿದ್ದಕ್ಕೆ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ. ಮೆತ್ತಗೆ ಬರುವನು, ಮೆತ್ತಗೆ ಹೋಗುವನು. ‘ನನ್ನ ಕುರ್ಚಿ ಖಾಲಿಯಾಗುವುದನ್ನು ಕಾಯುತ್ತಿದ್ದಾನೆ’ ಎಂಬ ಮಾತು ಅಕ್ಕನ ಮನಸ್ಸಿನಲ್ಲಿ ಮೊದಲು ಸುಳಿದದ್ದು ಯಾವಾಗ ಎಂದು ಅವರಿಗೂ ನೆನಪಿಲ್ಲ. ಆದರೆ ಸುಳಿದ ಮಾತು ಮರಳಿ ಹೋಗಲಿಲ್ಲ.

ಮೊದಲು ಕಾಣೆಯಾದದ್ದು ಬಸ್ ಚಾಲಕರ ಫೋಲ್ಡರ್. ಸಂಜೆ ನೋಡಿದರೆ ಪಟ್ಟಿಯಲ್ಲಿ ಇಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ ತನ್ನ ಜಾಗದಲ್ಲೇ ಇದೆ! ಕಣ್ಣಿನ ದೋಷವಿರಬೇಕೆಂದು ಅಕ್ಕ ಸುಮ್ಮನಾದರು. ಮುಂದಿನ ವಾರ ಸಂಗೀತದ ಮೇಷ್ಟ್ರದ್ದು ಹೋಯಿತು, ಬೆಳಗಾಗುವಷ್ಟರಲ್ಲಿ ಬಂದಿತು. ಮೂರನೆಯ ಸಲಕ್ಕೆ ಅಕ್ಕ ಸುಮ್ಮನಿರಲಿಲ್ಲ. ಮರುದಿನ ಮುಕ್ಕಾಲು ಗಂಟೆ ಮುಂಚೆಯೇ ಕೆಲಸಕ್ಕೆ ಹೋದರು. ದಾಖಲೆ ಕೋಣೆಯ ಬಾಗಿಲು ಅರೆ ತೆರೆದಿತ್ತು. ಅಕ್ಕನ ಕುರ್ಚಿಯಲ್ಲಿ ಪ್ಲಾಸ್ಟರಣ್ಣ ಕುಳಿತಿದ್ದ. ಹೆಜ್ಜೆಯ ಸದ್ದು ಕೇಳಿದೊಡನೆ ಪರದೆಯಲ್ಲಿದ್ದುದನ್ನು ಮುಚ್ಚಿದ.

“ಏನ್ ಮಾಡ್ತಿದ್ರಿ?”

“ಏನಿಲ್ಲ ಅಕ್ಕ. ಸುಮ್ನೆ ನೋಡ್ತಿದ್ದೆ.”

“ಸುಮ್ನೆ ನೋಡೋಕೆ ಅದೇನು ಸಿನಿಮಾನಾ?”

ಆತ ತಲೆ ತಗ್ಗಿಸಿ ತನ್ನ ಕುರ್ಚಿಗೆ ಹೋದ. ಮತ್ತೆ ಬಾಯಿ ತೆರೆದು, “ಅಕ್ಕ, ಒಂದು ಮಾತು…” ಎಂದ.

“ನನ್ನ ಸಾಲು ಯಾರೂ ಮುಟ್ಟಬಾರ್ದು. ಅಷ್ಟೇ ಮಾತು,” ಎಂದು ಅಕ್ಕ ಬೆನ್ನು ತಿರುಗಿಸಿದರು.

ಅಂದೇ ಪಾಸ್‌ವರ್ಡ್ ಬದಲಾಯಿಸಿದರು. ಯಾರಿಗೂ ಹೇಳಲಿಲ್ಲ. ಎರಡು ದಿನ ಕಳೆದ ಮೇಲೆ ಪ್ಲಾಸ್ಟರಣ್ಣ, “ಪಾಸ್‌ವರ್ಡ್ ಬದಲಾಗಿದೆಯಾ ಅಕ್ಕ?” ಎಂದು ಕೇಳಿದ.

“ಹೌದು. ಯಾಕೆ, ಬೇಕಿತ್ತಾ?”

“ಬೇಕಿತ್ತು… ಇರ್ಲಿ ಬಿಡಿ.”

ಬೇಕಿತ್ತಂತೆ! ಬೆಕ್ಕು ಹಾಲಿನ ಪಾತ್ರೆಯ ಮುಚ್ಚಳ ಎಲ್ಲಿ ಎಂದು ಕೇಳಿದ ಹಾಗಾಯಿತು ಅಕ್ಕನಿಗೆ.

ಆದರೆ ಬಂಧುಗಳೇ, ಮುಂದಿನದನ್ನು ಗಮನಿಸಿರಿ. ಪಾಸ್‌ವರ್ಡ್ ಬದಲಾದ ಮೇಲೆ ಫೋಲ್ಡರುಗಳು ಮಾಯವಾಗುವುದು ನಿಲ್ಲಲಿಲ್ಲ. ಹಿಂದಿರುಗುವುದು ಮಾತ್ರ ನಿಂತಿತು. ಒಂದೇ ವಾರದಲ್ಲಿ ಬಡಗಿಯದು ಹೋಯಿತು, ಹೂ ಮಾರುವಾಕೆಯದು ಹೋಯಿತು. ನೆಟ್ಟಗೆ ಯೋಚಿಸುವ ಯಾರಿಗಾದರೂ ‘ಬಾಗಿಲು ಮುಚ್ಚಿದ ಮೇಲೂ ಕಳುವಾದರೆ ಕಳ್ಳ ಹೊರಗಿನವನಲ್ಲ’ ಎಂದು ಹೊಳೆಯಬೇಕಿತ್ತು. ಅಕ್ಕನಿಗೆ ಹೊಳೆದದ್ದೇ ಬೇರೆ: ‘ನನ್ನ ಹೊಸ ಪಾಸ್‌ವರ್ಡನ್ನೂ ಕದ್ದಿದ್ದಾನೆ, ಈಗ ಸೇಡು ತೀರಿಸಿಕೊಳ್ಳುತ್ತಿದ್ದಾನೆ.’ ಸಂಶಯವೆಂಬುದು ಹೀಗೆಯೇ. ಸಾಕ್ಷಿ ಸಿಕ್ಕರೆ ಒಂದು ತುತ್ತು ಉಣ್ಣುತ್ತದೆ, ಸಿಗದಿದ್ದರೆ ಎರಡು. ಆ ವಾರವೇ ಬಡಗಿ ಸವೆದ ಕಾಲನ್ನು ಹಿಡಿದು ಬಂದ. ಹಳೆಯ ಅಳತೆ ಸಿಗಲಿಲ್ಲ. ಎಲ್ಲವನ್ನೂ ಮೊದಲಿಂದ ಮಾಡಬೇಕಾಯಿತು. ಆತ ನಾಲ್ಕು ತಾಸು ಬೆಂಚಿನ ಮೇಲೆ ಕುಳಿತು, ಊರುಗೋಲಿನ ಮೇಲೆ ಮನೆಗೆ ಹೋದ. ಅಕ್ಕ ಕಿಟಕಿಯಿಂದ ಅದನ್ನು ನೋಡಿದರು, ಬಳಿಕ ತಿರುಗಿ ಪ್ಲಾಸ್ಟರಣ್ಣನನ್ನು ನೋಡಿದರು. ಆತ ಕಣ್ಣು ತಪ್ಪಿಸಿದ.

ಮನೆಯಲ್ಲಿ ಅತ್ತೆ ಬಾಯಿ ಬಿಡಿಸಿದರು. ಅಕ್ಕನ ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇವರಿಬ್ಬರೇ.

“ಏನೇ, ಮುಖ ಹೀಗೆ ಊದಿಸ್ಕೊಂಡಿದ್ದೀಯ? ಯಾರ ಮೇಲೆ ಸಿಟ್ಟು?”

“ನಿಮ್ಮ ಮೇಲಲ್ಲ ಅತ್ತೆ, ಸಮಾಧಾನ ಮಾಡ್ಕೊಳ್ಳಿ.”

“ನನ್ನ ಮೇಲಿದ್ರೂ ನಂಗೇನು ಹೊಸದಾ? ಮೂವತ್ತು ವರ್ಷದ ಅಭ್ಯಾಸ.”

ಅಕ್ಕ ಎಲ್ಲವನ್ನೂ ಹೇಳಿದರು. ಅತ್ತೆ ಕೇಳಿ, “ಕದ್ದೋನು ಬೆಳಿಗ್ಗೆ ವಾಪಸ್ ತಂದಿಡ್ತಿದ್ನೇನೇ? ಅಂಥ ಕಳ್ಳ ಇದ್ರೆ ನಮ್ಮನೆಗೂ ಒಂದ್ಸಲ ಕಳ್ಸು,” ಎಂದರು. ಸೊಸೆ ನಗಲಿಲ್ಲ. ಅತ್ತೆ ಅವರ ಕೈಯಲ್ಲಿದ್ದ ಲೋಟವನ್ನೇ ನೋಡಿದರು. “ನಿನ್ನ ಕೈ ಯಾಕೆ ಹೀಗೆ ನಡುಗ್ತಿದೆ? ಅರ್ಧ ಚಹಾ ನೆಲದ ಮೇಲೇ ಇದೆ.”

“ಸಿಟ್ಟಿಗೆ.”

“ಸಿಟ್ಟಿಗೆ ನಡುಗೋ ಹಾಗಿದ್ರೆ ನನ್ನ ಕೈ ಯಾವತ್ತೋ ಉದುರಿ ಹೋಗ್ಬೇಕಿತ್ತು!”

ಆ ವಾರ ನಾನು ನಡೆಸಿದ ಪ್ರಾರ್ಥನೆ ಮುಗಿದ ಮೇಲೆ ಅಕ್ಕ ನನ್ನ ಬಳಿಗೂ ಬಂದರು. ನಾನು ಏನು ಹೇಳಬೇಕಿತ್ತು? ‘ಆತನ ಜೊತೆ ಕುಳಿತು ಮಾತಾಡಿದಿರಾ?’ ಎಂದು ಕೇಳಬೇಕಿತ್ತು. ಬದಲಿಗೆ, “ಮಾತಾಡದ ಮನುಷ್ಯನ ವಿಷಯದಲ್ಲಿ ಎಚ್ಚರವಾಗಿರಿ ತಾಯಿ,” ಎಂದೆ. ಪರಮಾತ್ಮ ಕ್ಷಮಿಸಲಿ; ಉರಿಯುವ ಒಲೆಗೆ ಆ ಸೌದೆ ನನ್ನದು. ಮರುದಿನ ಅಕ್ಕ ಮೇಲ್ವಿಚಾರಕಿಗೆ ಎರಡು ಪುಟದ ದೂರುಪತ್ರ ಕೊಟ್ಟರು.

ಮೇಲ್ವಿಚಾರಕಿ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಇಬ್ಬರನ್ನೂ ದಾಖಲೆ ಕೋಣೆಯಲ್ಲೇ ನಿಲ್ಲಿಸಿದರು.

“ಅಕ್ಕ, ಪತ್ರ ಓದಿದೆ. ಇದು ನಿಜವಾದ್ರೆ ಇವರು ನಾಳೆಯಿಂದ ಬರೋ ಹಾಗಿಲ್ಲ. ಪ್ಲಾಸ್ಟರ್ ಕೋಣೆಗೆ ವಾಪಸ್ ಕಳಿಸೋಕೂ ಆಗಲ್ಲ, ಆ ಎದೆಗೆ ಧೂಳು ತಾಗಬಾರ್ದು. ಗೊತ್ತಲ್ಲ?”

“ಗೊತ್ತು ಮೇಡಂ.”

“ನೀವೇನು ಹೇಳ್ತೀರಿ?” ಎಂದು ಆತನನ್ನು ಕೇಳಿದರು. ಆತ ಉತ್ತರಿಸಲಿಲ್ಲ. ಗುಮ್ಮನಗುಸುಕ, ಕೊನೆಯ ಗಳಿಗೆಯಲ್ಲೂ ಗುಮ್ಮನಗುಸುಕನೇ ಎಂದುಕೊಂಡರು ಅಕ್ಕ.

“ಸರಿ ಅಕ್ಕ, ಏನು ಕಾಣೆಯಾಗ್ತಿದೆ ತೋರ್ಸಿ,” ಎಂದರು ಮೇಲ್ವಿಚಾರಕಿ.

ಅಕ್ಕ ತಮ್ಮ ಕುರ್ಚಿಯಲ್ಲಿ ಕುಳಿತರು. “ನೋಡಿ ಮೇಡಂ. ಇದು ನಾನೂರ ಮೂವತ್ತು, ದರ್ಜಿ, ಬಲ. ಇದು ನಾನೂರ ಮೂವತ್ತೊಂದು, ನರ್ಸಮ್ಮ, ಎಡ. ಎಲ್ಲಾ ಸಾಲಾಗಿದೆಯಲ್ಲ? ಸಂಜೆ ಹೀಗೇ ಬಿಟ್ಟು ಹೋಗ್ತೀನಿ. ಈಗ ಇದನ್ನ ತೆಗೀತೀನಿ…”

ದರ್ಜಿಯ ಫೋಲ್ಡರಿನ ಮೇಲೆ ಬಾಣವನ್ನಿಟ್ಟು ಮೌಸ್ ಒತ್ತಿದರು. ಒತ್ತಿದ ಬೆರಳು ಮೇಲೇಳುವ ಮೊದಲೇ ಕೈ ಒಮ್ಮೆ ಅದುರಿತು. ದರ್ಜಿಯ ಫೋಲ್ಡರ್ ಬೆರಳಗಲ ಕೆಳಗೆ ಜಾರಿತು, ನರ್ಸಮ್ಮನ ಫೋಲ್ಡರಿನ ಮೇಲೆ ಕುಳಿತಿತು, ಬೆರಳು ಮೇಲೆದ್ದಿತು. ಮೂವರ ಕಣ್ಣೆದುರಿಗೇ ದರ್ಜಿ ಪಟ್ಟಿಯಿಂದ ಮಾಯವಾದ. ಈಗ ಪರದೆಯ ಮೇಲೆ ನಾನೂರ ಇಪ್ಪತ್ತೊಂಬತ್ತಾದ ಕೂಡಲೇ ನಾನೂರ ಮೂವತ್ತೊಂದು.

ಗೋಡೆಯಾಚೆ ಯಂತ್ರ ಗರಗರ ಎನ್ನುತ್ತಲೇ ಇತ್ತು. ಒಬ್ಬರ ಫೋಲ್ಡರಿನೊಳಗೆ ಇನ್ನೊಬ್ಬರದು ಬಿದ್ದಿರಬಹುದೆಂಬ ಯೋಚನೆ ಅಷ್ಟು ವಾರಗಳಲ್ಲಿ ಒಮ್ಮೆಯೂ ಅಕ್ಕನಿಗೆ ಬಂದಿರಲಿಲ್ಲ. ಅವರ ಅಚ್ಚುಕಟ್ಟೇ ಅವರ ಕಣ್ಣು ಕಟ್ಟಿತ್ತು.

ಮೊದಲು ಮಾತಾಡಿದವನು ಪ್ಲಾಸ್ಟರಣ್ಣ. “ಮೇಡಂ, ಈ ಮೌಸ್ ಹಳೇದು. ಜಾರತ್ತೆ. ನಾನೇ ಹೇಳ್ಬೇಕಿತ್ತು, ಮರೆತೆ.”

“ಅಷ್ಟೇನಾ? ಹಾಗಾದ್ರೆ ಹೊಸ ಮೌಸ್ ತರಿಸ್ತೀನಿ. ಅಕ್ಕ, ಪತ್ರ ವಾಪಸ್ ತಗೊಳ್ಳಿ. ಮುಗೀತು,” ಎಂದರು ಮೇಲ್ವಿಚಾರಕಿ.

ತಪ್ಪಿಸಿಕೊಳ್ಳುವ ದಾರಿ ಎಷ್ಟು ಸಲೀಸಾಗಿತ್ತು ನೋಡಿರಿ! ಆತನ ಕೆಲಸ ಉಳಿಯುತ್ತಿತ್ತು, ಅಕ್ಕನ ಮಾನವೂ ಉಳಿಯುತ್ತಿತ್ತು. ಅಕ್ಕ ಪತ್ರಕ್ಕೆ ಕೈಚಾಚಿದರು. ಆ ಕೈ ಗಾಳಿಯಲ್ಲಿ ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು. ಈಗ ಅವರಲ್ಲಿ ಸಿಟ್ಟು ಒಂದು ಚೂರೂ ಇರಲಿಲ್ಲ.

“ಮೌಸ್ ಸರಿಯಾಗಿದೆ ಮೇಡಂ,” ಎಂದರು. “ಜಾರಿದ್ದು ನನ್ನ ಕೈ. ಇವರು ಏನೂ ಮಾಡಿಲ್ಲ. ನಾನು ಬರೆದದ್ದೆಲ್ಲ ತಪ್ಪು.”

ಮೇಲ್ವಿಚಾರಕಿ ಬಗ್ಗಿ, ಹುಡುಕುವ ಜಾಗದಲ್ಲಿ ‘ಬಡಗಿ’ ಎಂದು ಒತ್ತಿದರು. ಅಂಚೆಯವರ ಫೋಲ್ಡರಿನ ಹೊಟ್ಟೆಯಲ್ಲಿ ಬಡಗಿ ಕುಳಿತಿದ್ದ. ಅಂದು ಸಂಜೆಯೊಳಗೆ ಹೀಗೆ ಒಂಬತ್ತು ಜನ ಅಕ್ಕಪಕ್ಕದವರ ಮನೆಯಲ್ಲಿ ಸಿಕ್ಕರು.

“ದಿನಾ ಬೆಳಿಗ್ಗೆ ತೆಗೆದು ತೆಗೆದು ಅವರವರ ಜಾಗಕ್ಕೆ ಇಡ್ತಿದ್ದೋರು ನೀವೇನಾ?” ಎಂದು ಅಕ್ಕ ಕೇಳಿದರು.

“ಹೂಂ ಅಕ್ಕ.”

“ಬಾಯಲ್ಲಿ ಏನಿಟ್ಕೊಂಡಿದ್ರಿ? ಹೇಳೋಕಾಗ್ತಿರ್ಲಿಲ್ವಾ?”

“ಹೇಳೋಕೆ ಬಂದೆ, ನೀವು ಬೆನ್ನು ತಿರುಗಿಸಿದ್ರಿ. ಆಮೇಲೆ ನಂಗೂ ಭಯ ಆಯ್ತು. ನಿಮ್ಮ ಕೈ ನಡುಗತ್ತೆ ಅಂತ ಮೇಲಕ್ಕೆ ಹೇಳಿದ್ರೆ, ಕುರ್ಚಿಗೋಸ್ಕರ ಹೇಳ್ದ ಅಂತಾರೆ ಜನ. ಬಡಗಿ ಬಂದ ದಿನ ಹೇಳ್ಬೇಕಿತ್ತು. ಅದು ನನ್ನ ತಪ್ಪು.”

ಮರುದಿನ ಅಕ್ಕ ವೈದ್ಯರ ಬಳಿಗೆ ಹೋದರು. ವೈದ್ಯರು ಕೈನಡುಕಕ್ಕೆ ಮಾತ್ರೆ ಕೊಟ್ಟರು. ಕಡಿಮೆಯಾಗಬಹುದು, ಪೂರ್ತಿ ಹೋಗದು ಎಂದರು. ಅಕ್ಕ ಕೆಲಸಕ್ಕೆ ಬಂದು, ಇಪ್ಪತ್ತು ವರ್ಷ ಕುಳಿತ ಕುರ್ಚಿಯನ್ನು ಪ್ಲಾಸ್ಟರಣ್ಣನ ಕಡೆಗೆ ತಳ್ಳಿ, “ಕೂತ್ಕೊಳ್ಳಿ,” ಎಂದರು. ಆತ ಒಲ್ಲೆನೆಂದ. “ಕೂತ್ಕೊಳ್ರೀ, ಉಪಚಾರ ಮಾಡಿಸ್ಕೋಬೇಡಿ!” ಎಂದು ಗದರಿದ ಮೇಲೆ ಕುಳಿತ. ಆ ದಿನದಿಂದ ಫೋಲ್ಡರುಗಳನ್ನು ತೆರೆಯುವ, ಜರುಗಿಸುವ ಕೆಲಸ ಆತನದು. ಪಕ್ಕದಲ್ಲಿ ಕುಳಿತು ನಂಬರು, ಕಸುಬು, ಎಡ, ಬಲ ಎಂದು ಓದಿ ತಾಳೆ ನೋಡುವ ಕೆಲಸ ಅಕ್ಕನದು. ಮೊದಲ ದಿನಗಳಲ್ಲಿ ಅಕ್ಕ ಮಧ್ಯಾಹ್ನದ ಊಟಕ್ಕೆ ಒಬ್ಬರೇ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬರುತ್ತಿದ್ದರೆಂದು ನಾನು ಬಲ್ಲೆ. ಬಡಗಿಯ ಮನೆಗೂ ಹೋಗಿ, ಆತನ ಹೆಂಡತಿಯ ಎದುರಿಗೆ ನಡೆದದ್ದನ್ನು ಹೇಳಿ ಕ್ಷಮೆ ಕೇಳಿ ಬಂದರು.

ಬಂಧುಗಳೇ, ಈ ಹೊತ್ತಿನಲ್ಲಿ ನಿಮ್ಮ ಮನಸ್ಸಿನಲ್ಲಿಯೂ ಯಾರ ಮೇಲಾದರೂ ಒಂದು ಅನುಮಾನ ಕುಳಿತಿದ್ದೀತು. ಪತ್ರ ಬರೆಯಬೇಡಿ, ನನ್ನಂಥವರ ಬಳಿ ಬಂದು ಸೌದೆ ಕೇಳಲೂಬೇಡಿ. ಇಂದೇ ಹೋಗಿ ಆ ಮನುಷ್ಯನ ಪಕ್ಕದಲ್ಲಿ ಕುಳಿತು, “ನೀವು ಏನು ನೋಡಿದ್ರಿ, ನನಗೂ ತೋರ್ಸಿ” ಎಂದು ಕೇಳಿರಿ. ಉತ್ತರ ನಿಮ್ಮತ್ತಲೇ ತಿರುಗಿದರೆ ಹೆದರದಿರಿ. ಎಷ್ಟು ಜನರ ಮುಂದೆ ದೂರಿದ್ದಿರೋ ಅಷ್ಟೇ ಜನರ ಮುಂದೆ, ಆ ಅಕ್ಕನ ಹಾಗೆ, ಒಪ್ಪಿಕೊಳ್ಳಿರಿ.