ಚಾಂದಸಾಬರ ಕಲ್ಲಿನ ಡ್ರಮ್ಮು

ಚಾಂದಸಾಬರು ಯಾವ ವಸ್ತುವನ್ನೂ ಕಣ್ಣಿನಿಂದ ನೋಡಿ ನಂಬುತ್ತಿರಲಿಲ್ಲ. ಅಂಗೈಯನ್ನು ಅದರ ಮೇಲಿಟ್ಟು, ತಲೆ ಒಂದು ಕಡೆ ವಾಲಿಸಿ, ಅದು ಎಷ್ಟು ನಡುಗುತ್ತದೆ ಎಂದು ತಿಳಿದ ಮೇಲೆಯೇ ಮಾತು. ಒಮ್ಮೆ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ, ಹೊರಡಲು ನಿಂತ ಗೋಗಿ ಬಸ್ಸಿನ ಮುಂಭಾಗಕ್ಕೆ ಕೈಯಿಟ್ಟು, “ಇಂಜಿನ್ ಬೋಲ್ಟ್ ಸಡ್ಲ ಆಗ್ಯಾವ” ಎಂದು ಸಾರಿದರು. “ಗೋಗಿತನಕ ತಡೀತಾವ, ಹತ್ರಿ” ಎಂದ ಡ್ರೈವರ್. ಸಾಬರು ಹತ್ತಲಿಲ್ಲ. ಬಸ್ಸು ಗೋಗಿಗೆ ಹೋಗಿ ಸುಖವಾಗಿ ವಾಪಸು ಬಂತು. ಆಗಲೂ ಅವರು ಸ್ಟ್ಯಾಂಡಿನಲ್ಲೇ ನಿಂತಿದ್ದರು.

ನನ್ನ ಮನೆಗೂ ಅವರ ಶೆಡ್ಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ನಾನು ಸರಕಾರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಹಾಗಾಗಿ ಓಣಿಗೆಲ್ಲ ಅಕ್ಕೋರು. ಸಾಬರು ಕಾಲುವೆಗೆ ಕಾಂಕ್ರೀಟು ಹಾಕುವ ಕಾಲದಲ್ಲಿ ಗುತ್ತಿಗೆದಾರರ ಕೈಕೆಳಗೆ ವೈಬ್ರೇಟರ್ ಹಿಡಿದವರು. ಹಸಿ ಕಾಂಕ್ರೀಟನ್ನು ನಡುಗಿಸಿ ಕೂರಿಸುವ ಆ ಯಂತ್ರದಿಂದ ಅವರು ಜೀವನಕ್ಕೆಲ್ಲ ಒಂದೇ ಮಾತು ಕಲಿತು ಬಂದಿದ್ದರು. “ಜೋರ್ ಇರಬೇಕ್ರಿ ಅಕ್ಕೋರ. ಜೋರ್ ಇಲ್ಲಂದ್ರ ಕಾಂಕ್ರೀಟೂ ಕೂಡಂಗಿಲ್ಲ, ಸಂಸಾರನೂ ಕೂಡಂಗಿಲ್ಲ.”

ಕಾಲುವೆಗೆ ನೀರು ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಗುತ್ತಿಗೆದಾರರು ಡೇರೆ ಕಿತ್ತರು. ಸಾಬರಿಗೆ ಉಳಿದದ್ದು ಪಂಪ್‌ಸೆಟ್ ರಿಪೇರಿ ಮತ್ತು ಕಲ್ಲಿನ ಹುಚ್ಚು. ಕಾಲುವೆ ತೋಡಿದ ಮಣ್ಣಿನ ದಿಬ್ಬಗಳಿಂದ, ಕಕ್ಕೇರಾ ಆಚೆಯ ಹೊಳೆದಂಡೆಯಿಂದ ಕೆಂಪು, ಜೇನುಬಣ್ಣದ ಕಲ್ಲುಗಳನ್ನು ಚೀಲ ತುಂಬಿ ತರುತ್ತಿದ್ದರು. ಅವನ್ನು ಹೊಳೆಯಿಸಲು ಯಂತ್ರವನ್ನೂ ತಾವೇ ಮಾಡಿದರು. ಹಳೇ ಮೋಟರು, ಅದರ ದಂಡಕ್ಕೆ ಒಂದೇ ಮಗ್ಗುಲಿಗೆ ಬೋಲ್ಟು ಹಾಕಿ ಬಿಗಿದ ಕಬ್ಬಿಣದ ತುಂಡು, ಮೇಲೆ ಸ್ಪ್ರಿಂಗುಗಳ ಮೇಲೆ ಕೂತ ಪ್ಲಾಸ್ಟಿಕ್ ಡ್ರಮ್ಮು. ಮೋಟರು ತಿರುಗಿದರೆ ಡ್ರಮ್ಮು ನಡುಗುತ್ತದೆ, ಒಳಗೆ ನೀರು ಮತ್ತು ಸಾಣೆಪುಡಿಯ ಜೊತೆ ಕಲ್ಲುಗಳು ಒಂದಕ್ಕೊಂದು ಉಜ್ಜಿ ನುಣುಪಾಗುತ್ತವೆ ಎಂಬುದು ಲೆಕ್ಕಾಚಾರ. ಮೊದಮೊದಲು ನುಣ್ಣಗೆ ಪುಡಿಯಾಗಿ ಉದುರಿದ್ದು ನನ್ನ ಗೋಡೆಯ ಗಾರೆ ಮಾತ್ರ. ಆ ಗೋಡೆಯ ಮಾಡದಲ್ಲಿಟ್ಟ ಸ್ಟೀಲ್ ಲೋಟಗಳು ಸಂಜೆಯ ಹೊತ್ತಿಗೆ ಸಾಲಾಗಿ ಅಂಚಿಗೆ ಬಂದು ನಿಂತಿರುತ್ತಿದ್ದವು. ನಾನು ಅವನ್ನು ಹಿಂದಕ್ಕೆ ತಳ್ಳಿ ಮಲಗುತ್ತಿದ್ದೆ.

ಸಾಬರ ಹೆಂಡತಿ ಖಾತೂನಬಿ. ಮಧ್ಯಾಹ್ನವಾದರೆ ಹಿತ್ತಲಿನ ಮೋಟುಗೋಡೆಯ ಮೇಲಿಂದ ನನ್ನನ್ನು ಕರೆದು, “ಅಕ್ಕೋರ, ಅವರಿಗಿ ಹೇಳ್ರಿ, ಊಟ ಆರಾಕತ್ತದ” ಎನ್ನುತ್ತಿದ್ದರು. ಸಾಬರು ಅಲ್ಲೇ, ಅವರ ಕಣ್ಣೆದುರಿಗೇ ಕೂತಿರುತ್ತಿದ್ದರು. ನಾನು ಹೇಳುತ್ತಿದ್ದೆ. “ಬಂದೆ ಅಂತ ಹೇಳ್ರಿ” ಎನ್ನುತ್ತಿದ್ದರು ಸಾಬರು. ಅದನ್ನೂ ಹೇಳುತ್ತಿದ್ದೆ. ಗಂಡನ ಹೆಸರು ಹಿಡಿಯದ, ಪರರ ಮುಂದೆ ಗಂಡನನ್ನು ನೇರ ಮಾತಾಡಿಸದ ಹಳೇ ಪದ್ಧತಿ ಇದು ಎಂದುಕೊಂಡಿದ್ದೆ. ನನ್ನ ಅವ್ವನೂ ಅಪ್ಪನಿಗೆ ಹೇಳಬೇಕಾದದ್ದನ್ನು ಬಾಗಿಲ ಚೌಕಟ್ಟಿಗೆ ಹೇಳುತ್ತಿದ್ದಳು. ಹೀಗಾಗಿ ಖಾತೂನಬಿ ಮನೆಯೊಳಗೂ ಗಂಡನ ಜೊತೆ ಮಾತು ಬಿಟ್ಟಿದ್ದಾರೆಂಬುದು ನನಗೆ ಬಹಳ ದಿನ ತಿಳಿಯಲೇ ಇಲ್ಲ. ಕೊನೆಗೆ ಸಾಬರೇ ಹೇಳಿದರು.

ಖಾತೂನಬಿಯ ಬೆರಳಲ್ಲಿ ಅವರ ಅಪ್ಪನ ಉಂಗುರವಿತ್ತು. ಅದರಲ್ಲಿದ್ದ ಅಕೀಕವೆಂಬ ಕೆಂಪು ಕಲ್ಲು ಮಂಕಾಗಿತ್ತು. “ಕನ್ನಡಿ ಮಾಡಿ ಕೊಡ್ತೀನಿ” ಎಂದು ಸಾಬರು ಕಲ್ಲು ಬಿಡಿಸಿ ಡ್ರಮ್ಮಿಗೆ ಹಾಕಿದರು. ಜೋರು ಬೇಕಲ್ಲ, ಕಬ್ಬಿಣದ ತುಂಡನ್ನು ದಂಡದಿಂದ ದೂರದ, ಹೊರಗಿನ ತೂತಿಗೆ ಬಿಗಿದರು. ಕಲ್ಲುಗಳು ಒಳಗೆ ಹಂಚಿನ ಮೇಲಿನ ಜೋಳದ ಅರಳಿನಂತೆ ಸಿಡಿದವು. ಮುಚ್ಚಳ ತೆಗೆದಾಗ ಅಕೀಕದ ಅಂಚು ಒಡೆದಿತ್ತು. ಖಾತೂನಬಿ ಕಲ್ಲಿಲ್ಲದ ಉಂಗುರವನ್ನೇ ಬೆರಳಿಗೆ ಹಾಕಿಕೊಂಡು ಒಳಗೆ ಹೋದರು. ಅಂದಿನಿಂದ ಮಾತಿಲ್ಲ.

“ಬೈದಿದ್ರ ಛಲೋ ಇತ್ರಿ” ಎಂದರು ಸಾಬರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಪಾಪ ಅನಿಸಿತು.

ಆಮೇಲೆ ಅವರು ಆ ಡ್ರಮ್ಮನ್ನು ಹದಕ್ಕೆ ತರಲು ಕೂತರು. ಕಬ್ಬಿಣವನ್ನು ಒಳಗಿನ ತೂತಿಗೆ ತಂದರೆ ಕಲ್ಲುಗಳು ಕೆಸರಲ್ಲಿ ಕೂತ ಎಮ್ಮೆಗಳಾದವು. ನೀರು ಹೆಚ್ಚು ಹಾಕಿದರೆ ಪುಡಿಯೆಲ್ಲ ತೊಳೆದುಹೋಗಿ ಕಲ್ಲಿಗೆ ಕಲ್ಲು ಬಡಿದವು. “ಅಂಬಲಿನೂ ಆಗಬಾರದು, ಮಜ್ಜಗಿನೂ ಆಗಬಾರದು. ನಡುವೆ ಏನ್ ಬರ್ತದ್ರಿ ಅಕ್ಕೋರ?” ಎಂದು ಕೇಳಿದರು. ನಾನು ಎರಡನೇ ಇಯತ್ತೆಗೆ ಪಾಠ ಹೇಳುವವಳು, ನನಗದು ಗೊತ್ತಿಲ್ಲ ಎಂದೆ. ಕೊನೆಗೆ ನೀರನ್ನು ಚಮಚದಲ್ಲಿ ಹಾಕತೊಡಗಿದರು. ಹಾರಲು ಜಾಗವಿರದಂತೆ ಡ್ರಮ್ಮನ್ನು ಮುಕ್ಕಾಲಿಗೂ ಮೇಲೆ ತುಂಬಿದರು. ದೊಡ್ಡ ಕಲ್ಲುಗಳ ಸಂದಿಗೆ ಸಣ್ಣ ಹರಳು ಸುರಿದರು. ಒಂದು ದಿನ ನನ್ನನ್ನು ಕರೆದು ಮುಚ್ಚಳ ತೆಗೆದು ತೋರಿಸಿದರು. ಕಲ್ಲುಗಳು ಒಂದು ಬದಿಯಿಂದ ಮೇಲೆದ್ದು, ಇನ್ನೊಂದು ಬದಿಯಲ್ಲಿ ಮುಳುಗುತ್ತ, ಅವಸರವಿಲ್ಲದೆ ಸುತ್ತುತ್ತಿದ್ದವು.

“ನೋಡ್ರಿ, ಕುಣ್ಯಾಕತ್ತಿಲ್ಲ. ನಡ್ಯಾಕತ್ತಾವ.” ಅವರ ದನಿ ಅಷ್ಟು ಮೆಲ್ಲಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಂದು ಸಂಜೆ ನನ್ನ ಲೋಟಗಳೂ ಇದ್ದಲ್ಲೇ ಇದ್ದವು.

ಆಗ ಅಕೀಕದ ಒಡೆದ ಅಂಚನ್ನು ಸಾಣೆಕಲ್ಲಿಗೆ ತಿಕ್ಕಿ ಸಮ ಮಾಡಿ ಡ್ರಮ್ಮಿಗೆ ಬಿಟ್ಟರು. ದಪ್ಪ ಪುಡಿ ಮುಗಿದು ಸಣ್ಣ ಪುಡಿ ಹಾಕುವ ಮುನ್ನ ಡ್ರಮ್ಮು, ಕಲ್ಲು, ಮುಚ್ಚಳ ಎಲ್ಲವನ್ನೂ ಸೋಪಿನಪುಡಿ ಹಾಕಿ ತೊಳೆದರು. ದಪ್ಪ ಪುಡಿಯ ಒಂದು ಕಾಳು ಉಳಿದರೂ ಕಲ್ಲಿಗೆ ಗೀರು ಬೀಳುತ್ತದಂತೆ. ಬರೀ ನೋಡಲು ಹೋದ ನನ್ನ ಕೈಯನ್ನೂ ತೊಳೆಸಿದರು. ಕಡೆಯ ಹೊಳಪು ರೈಸ್ ಮಿಲ್ಲಿನಿಂದ ತಂದ ಭತ್ತದ ಹೊಟ್ಟಿನಲ್ಲಿ.

ಕಲ್ಲು ಹೊರಬಂದಾಗ ಅದರಲ್ಲಿ ಕಿಟಕಿಯ ಸರಳು ಕಾಣುತ್ತಿದ್ದವು. ಸಾಬರು ಅದನ್ನು ನನ್ನ ಕಡೆ ಚಾಚಿ, “ಕೊಟ್ಟುಬಿಡ್ರಿ” ಎಂದರು. “ಇದು ನನ್ನಿಂದಾಗೂದಿಲ್ಲ, ನೀವೇ ಕೊಡ್ರಿ” ಎಂದೆ. ಅವರು ಹೆಂಡತಿಯ ಮುಂದೆ ಹೋಗಿ ಅಂಗೈ ಬಿಚ್ಚಿದರು. ಖಾತೂನಬಿ ಕಲ್ಲನ್ನು ಉಂಗುರದ ಮನೆಯಲ್ಲಿಟ್ಟು ನೋಡಿದರು. ಕಲ್ಲು ಸವೆದಿತ್ತು, ಅಲುಗಾಡಿತು. ಅವರು ಗಂಡನ ಮುಖ ನೋಡಿ ತಮ್ಮ ಮನೆಮಾತಿನಲ್ಲಿ, “ಛೋಟಾ ಹೋಗಯಾ” ಎಂದರು. ಸಣ್ಣದಾಗಿದೆ.

ಸಾಬರು ನನ್ನ ಕಡೆ ತಿರುಗಿದರು. “ಅಕ್ಕೋರ, ಮಾತಾಡಿದಳು.”

“ಕೇಳಿಸ್ತ್ರಿ” ಎಂದೆ.

ಸುರಪುರದ ಅಕ್ಕಸಾಲಿಗರು ಅರಗು ತುಂಬಿ ಕಲ್ಲು ಕೂರಿಸಿಕೊಟ್ಟರು. ಮಾತು ಮುಟ್ಟಿಸುವ ನನ್ನ ನೌಕರಿ ಮುಗಿಯಿತೆಂದು ನಿಶ್ಚಿಂತಳಾದೆ. ಮರುದಿನ ಮಧ್ಯಾಹ್ನ ಮೋಟುಗೋಡೆಯ ಮೇಲೆ ಉಂಗುರದ ಕೈ ಕಾಣಿಸಿತು. “ಅಕ್ಕೋರ, ಅವರಿಗಿ ಹೇಳ್ರಿ, ಊಟ ಆರಾಕತ್ತದ.” ನಾನು ಗಾಬರಿಯಾಗಿ ನೋಡಿದರೆ ಖಾತೂನಬಿ ನಗುತ್ತಿದ್ದರು. ಆ ನಗು, ಆ ಮಾತು ವರ್ಷಗಟ್ಟಲೆ ನಡೆಯಿತು.

ಚಾಂದಸಾಬರು ಒಂದು ಬೇಸಿಗೆಯಲ್ಲಿ ಜ್ವರ ಬಂದು ಯಾದಗಿರಿಯ ಆಸ್ಪತ್ರೆಗೆ ಹೋದವರು ಜೀವಂತ ಮರಳಲಿಲ್ಲ. ನಾನು ಒಮ್ಮೊಮ್ಮೆ ಗೋಡೆಗೆ ಅಂಗೈಯಿಟ್ಟು ನೋಡುತ್ತಿದ್ದೆ. ಅದು ಬರೀ ಗೋಡೆಯಾಗಿತ್ತು. ಖಾತೂನಬಿ ಸರಿಯಾಗಿ ಉಣ್ಣುತ್ತಿಲ್ಲ ಎಂದು ಓಣಿಯವರೆಲ್ಲ ಹೇಳಿ ಸೋತಿದ್ದರು. ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದಾಗ ಆಚೆಯಿಂದ ದನಿ ಬಂತು.

“ಅಕ್ಕೋರ, ಅವರಿಗಿ ಹೇಳ್ರಿ...” ಅಲ್ಲಿಗೆ ನಿಂತಿತು. “ಊಟ ಆರಾಕತ್ತದ.”

ನಾನು ಎದ್ದು ಶೆಡ್ಡಿನ ಕಡೆ ತಿರುಗಿದೆ. ಡ್ರಮ್ಮಿನ ಮೇಲೆ ಮುಚ್ಚಳವಿತ್ತು. ಯಾವಾಗಿನಂತೆ ದನಿಯೆತ್ತಿ, “ಚಾಂದಸಾಬ್ರ, ಊಟ ಆರಾಕತ್ತದಂತ” ಎಂದೆ.

“ಏನಂದ್ರು?” ಎಂದು ಕೇಳಿದರು ಖಾತೂನಬಿ.

“ನೀ ಉಣ್ಣು ಅಂದ್ರು” ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಗೋಡೆಯಾಚೆ ತಾಟು ಇಟ್ಟ ಸದ್ದಾಯಿತು.