ಹಗುರವಾದ ಗಡಿಯಾರ

ನಾಗಪುರದ ನಮ್ಮ ಬಡಾವಣೆಯ ಸಭಾಂಗಣದಲ್ಲಿ ಭಾನುವಾರಗಳಂದು ಚೆಸ್ ಆಡುತ್ತೇವೆ. ತೀರ್ಪು ಹೇಳುವವಳು ನಾನು. ಆ ದಿನ ಎದುರುಬದುರು ಕೂತವರಿಬ್ಬರೂ ಕನ್ನಡಿಗರು. ಒಬ್ಬರು ವಾಯುಸೇನೆಯಿಂದ ನಿವೃತ್ತರಾದ ಮೈಸೂರು ಕಡೆಯವರು. ಇನ್ನೊಬ್ಬರು ಸೀತಾಬರ್ಡಿ ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುವ ಬೆಳಗಾವಿಯವರು. ಪಕ್ಕದಲ್ಲಿ ಕೀಲಿ ಕೊಡುವ ಹಳೆಯ ಜೋಡಿ ಗಡಿಯಾರ. ಸಮಯ ಮುಗಿದವರ ಕಡೆ ಪುಟ್ಟ ಕೆಂಪು ಕಡ್ಡಿಯೊಂದು ಬೀಳಬೇಕು. ಆಟದ ಗದ್ದಲದಲ್ಲಿ ನೋಡಿದರೆ ಎರಡೂ ಕಡ್ಡಿಗಳು ಬಿದ್ದಿದ್ದವು. ಯಾವುದು ಮೊದಲು ಬಿತ್ತೋ ಯಾರಿಗೂ ಕಂಡಿರಲಿಲ್ಲ, ನನಗೂ.

"ನಿಮ್ದೇ ಮೊದ್ಲು ಬಿದ್ದಿದ್ದು," ಎಂದರು ಸೇನೆಯವರು.

"ಸುಳ್ಳ ಹೇಳಬ್ಯಾಡ್ರಿ! ಸೋತೀರಿ, ಒಪ್ಕೊಳ್ರಿ."

ಸುಳ್ಳು ಎಂದದ್ದೇ ತಡ, ಸೇನೆಯವರು ಗಡಿಯಾರ ಎತ್ತಿ ಅಂಗಡಿಯವರ ಹುಬ್ಬಿಗೆ ಅಪ್ಪಳಿಸಿದರು. ದಪ್ಪ ಮರದ ಪೆಟ್ಟಿಗೆ ಅದು. ಬಿಳಿ ಕಾಯಿಗಳ ಮೇಲೆ ರಕ್ತ ಚಿಮ್ಮಿತು. ಎರಡನೆಯ ಏಟಿಗೆ ಎತ್ತಿದ ಕೈಗೆ ನಾನು ಜೋತುಬಿದ್ದೆ. ಅವರು ಝಾಡಿಸಿದ ರಭಸಕ್ಕೆ ಗೋಡೆಗೆ ಹೋಗಿ ಬಡಿದೆ. ಎದ್ದು ನೋಡಿದರೆ ಅವರು ಕೆಳಗೆ ಬಿದ್ದವರ ಎದೆಯ ಮೇಲೆ ಕೂತು ಗುದ್ದುತ್ತಿದ್ದರು. ಉಳಿದವರು ಸೇರಿ ಎಳೆದು ಬಿಡಿಸಿದರು.

ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಅಂಗಡಿಯವರ ಹಣೆಗೆ ನನ್ನ ಸೆರಗು ಒತ್ತಿ ಹಿಡಿದಿದ್ದೆ. "ಪೊಲೀಸರಿಗೆ ಹೇಳೋಣೇನ್ರಿ?" ಎಂದೆ.

"ಬ್ಯಾಡ್ರಿ ಅಕ್ಕಾರ. ಇದು ನಮ್ಮಿಬ್ಬರದು," ಎಂದರು.

ಆ ಮಾತು ಕೇಳಿ ನನಗೆ ಸಮಾಧಾನವಾಗಲಿಲ್ಲ, ಹೆದರಿಕೆಯಾಯಿತು.

ಡಿಜಿಟಲ್ ಗಡಿಯಾರ ತರುವುದೆಂದು ಕ್ಲಬ್ಬಿನಲ್ಲಿ ತೀರ್ಮಾನವಾಯಿತು. ಆರಿಸಲು ನನ್ನ ಜೊತೆ ಬಟ್ಟೆ ಅಂಗಡಿಯವರೂ ಹೊರಟರು, ಹಣೆಗೆ ಪಟ್ಟಿ ಕಟ್ಟಿಕೊಂಡೇ. ಆಟದ ಸಾಮಾನಿನ ಮಳಿಗೆಯಲ್ಲಿ ನಾನು ಕೇಳಿದ್ದು ಮುಖ್ಯವಾಗಿ ಒಂದು: ಒಬ್ಬರ ಸಮಯ ಮುಗಿದೊಡನೆ ಗಡಿಯಾರ ಅಲ್ಲಿಗೇ ನಿಂತು, ಯಾರದು ಮುಗಿಯಿತೆಂದು ಪರದೆಯ ಮೇಲೆ ತೋರಿಸಬೇಕು. ಪ್ರತಿ ನಡೆಗೂ ಕೆಲವು ಸೆಕೆಂಡು ಸೇರಿಸುವಂತಿದ್ದರೆ ಇನ್ನೂ ಒಳ್ಳೆಯದು, ಕೊನೆಯಲ್ಲಿ ಕೈ ಕೈ ತಾಗುವ ಅವಸರ ಇರುವುದಿಲ್ಲ. ಮಾರುವವನು ಭಾರವಾದೊಂದನ್ನು ಹೊಗಳಿ ಮುಂದಿಟ್ಟ. ನಡೆ ಮುಗಿಸಿ ಬಟನ್ ಎಷ್ಟು ಜೋರಾಗಿ ಒತ್ತಿದರೂ ಅಲುಗಾಡುವುದಿಲ್ಲವಂತೆ.

ನಮ್ಮ ಬಟ್ಟೆ ಅಂಗಡಿಯವರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಹಿಂದಕ್ಕೆ ತಳ್ಳಿದರು. "ಹಗರಂದು ತೋರ್ಸ್ರಿ. ಇದರಿಂದ ಹೊಡದ್ರ ಮನಷ್ಯಾ ಸಾಯ್ತಾನ."

ಹಗುರವಾದದ್ದನ್ನೇ ಕೊಂಡೆವು. ನಾನು ಕೇಳಿದ್ದೆಲ್ಲ ಅದರಲ್ಲೂ ಇತ್ತು.

ಹಣೆಯ ಹೊಲಿಗೆ ಬಿಚ್ಚಿದ ಮೇಲೆ ಒಂದು ಭಾನುವಾರ ಸೇನೆಯವರು ಬಾಗಿಲಲ್ಲಿ ಬಂದು ನಿಂತರು. ನಾನು "ಹೊರಗ ಹೋಗ್ರಿ" ಎನ್ನುವಷ್ಟರಲ್ಲಿ ಅಂಗಡಿಯವರು, "ಬರ್ರಿ, ಕೂಡ್ರಿ," ಎಂದರು. ಆಟ ಶುರುವಾಯಿತು. ಬಟನ್ ಮೇಲೆ ಇಬ್ಬರ ಅಂಗೈಗಳೂ ಏಟಿನಂತೆ ಬೀಳುತ್ತಿದ್ದವು. ಕೊನೆಗೆ ಅಂಗಡಿಯವರ ಕಡೆ ಸೊನ್ನೆ ಬಂದು ನಿಂತಿತು. ವಾದಕ್ಕೆ ಜಾಗವೇ ಇರಲಿಲ್ಲ.

ಅವರು ಪರದೆಯನ್ನೇ ನೋಡಿದರು. ಆಮೇಲೆ ಎದ್ದು ಸೇನೆಯವರ ಕೆನ್ನೆಗೆ ಬಾರಿಸಿದರು. ಕನ್ನಡಕ ಹಾರಿತು, ತುಟಿ ಒಡೆಯಿತು. ನಾನು ನಡುವೆ ನುಗ್ಗಿದೆ. ಸೇನೆಯವರು ಕೈ ಎತ್ತಲಿಲ್ಲ. ಎರಡೂ ಮುಷ್ಟಿಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಕೂತಿದ್ದರು.

"ಆಯ್ತಾ?" ಎಂದರು.

"ಆತು."

"ಇಬ್ಬರೂ ಹೊರಗ ನಡೀರಿ!" ಎಂದು ಕಿರುಚಿದೆ. ಹೋದರು. ಮುಂದಿನ ವಾರ ಇಬ್ಬರೂ ಬಂದು ಅದೇ ಮೇಜಿಗೆ ಕೂತರು. ಆಮೇಲೆ ಅವರು ಹೊಡೆದಾಡಿಲ್ಲ. ಆದರೂ ಅವರು ಆಡುವಾಗ ನಾನು ಬೇರೆ ಮೇಜಿಗೆ ಹೋಗುವುದಿಲ್ಲ.